ಬಾಣಂತಿಯ ಕರುಳು, ಕೂಸಿನ ಕಾವಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಟ್ಟೆಯಲ್ಲಿ ಜಂತುಹುಳುವಿರುವ ತಾಯಿ ಕೂಸಿಗೆ ಹಾಲುಣಿಸಬಹುದೇ ಎಂಬ ಅಂಜಿಕೆ ನಮ್ಮ ರಾಯಚೂರು ಸೀಮೆಯ ಬಾಣಂತಿಯರಲ್ಲೂ ಅವರ ಅತ್ತೆಯರಲ್ಲೂ ಇದೆ. ಉಣಿಸಲೇಬೇಕು ಎಂಬುದು ನನ್ನ ಉತ್ತರ. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಾಯಿಯ ಕರುಳನ್ನು ರೋಗಾಣುವೋ ಪರಾವಲಂಬಿ ಜೀವಿಯೋ ಹೊಕ್ಕಾಗ ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕೋಶಗಳು ಅದರ ಗುರುತು ಹಿಡಿಯುತ್ತವೆ. ಹಾಗೆ ಗುರುತು ಹಿಡಿದ ಕೋಶಗಳಲ್ಲಿ ಕೆಲವು ರಕ್ತದೊಡನೆ ಸಾಗಿ, ಸ್ತನದಲ್ಲಿ ನೆಲೆಸಿ, ಐಜಿಎ ಎಂಬ ಪ್ರತಿಕಾಯವನ್ನು, ಅಂದರೆ ರೋಗಾಣುವನ್ನು ತಡೆಯುವ ರಕ್ಷಕ ವಸ್ತುವನ್ನು, ತಯಾರಿಸಿ ಹಾಲಿಗೆ ಸೇರಿಸುತ್ತವೆ. ಆದ್ದರಿಂದ ಸಿಂಧನೂರು ಕಡೆಯ ಕಾಲುವೆ ಬದಿಯ ಊರಿನ ತಾಯಿಯ ಹಾಲಿನಲ್ಲಿ ಆ ಊರಿನ ನೀರು, ಮಣ್ಣುಗಳಿಂದ ಅವಳಿಗೆ ತಗುಲಿದ ರೋಗಾಣುಗಳಿಗೇ ತಕ್ಕ ಪ್ರತಿಕಾಯವಿರುತ್ತದೆ. ಡಬ್ಬಿಯ ಹಾಲಿನ ಪುಡಿ ಇದನ್ನು ಕೊಡಲಾರದು. ಹೆರಿಗೆಯಾದ ಮೊದಲ ದಿನಗಳ ಗಿಣ್ಣದ ಹಾಲಿನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಅಂಥ ಹಾಲನ್ನು ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರುವುದು ನನಗೆ ಬಹಳ ನೋವಿನ ಸಂಗತಿ.

ಜಿಯಾರ್ಡಿಯಾ ಎಂಬ ಏಕಕೋಶ ಜೀವಿ ಕೊಳಕು ನೀರಿನೊಡನೆ ಬಂದು, ಸಣ್ಣ ಕರುಳಿಗೆ ಅಂಟಿಕೊಂಡು, ವಾರಗಟ್ಟಲೆ ಭೇದಿ ಮಾಡಿಸಬಲ್ಲದು. ತಾಯಿಯ ಹಾಲು ಈ ಜೀವಿಯನ್ನು ಕೊಲ್ಲುತ್ತದೆ ಎಂಬುದು 1983ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತು. ಹಾಲಿನ ಕೊಬ್ಬು ಒಡೆದಾಗ ಹೊಮ್ಮುವ ಕೊಬ್ಬಿನಾಮ್ಲಗಳು ಈ ಕೆಲಸ ಮಾಡುತ್ತವೆ ಎಂಬುದೂ ಮುಂದೆ ತಿಳಿಯಿತು. ಆದರೆ ಮೊದಲ ಆರು ತಿಂಗಳಲ್ಲಿ ಬಜೆ ತೇಯ್ದ ನೀರು, ಗ್ರೈಪ್ ವಾಟರ್, ಬೇಸಿಗೆಯ ಬಾಯಾರಿಕೆಗೆಂದು ಒಂದು ಚಮಚ ನೀರು ಎಂದು ಕುಡಿಸುತ್ತ ಹೋದರೆ, ಹಾಲು ತಡೆಯುತ್ತಿದ್ದ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ನಮ್ಮ ಬಿರುಬೇಸಿಗೆಯಲ್ಲಿಯೂ ಕೂಸಿಗೆ ಬೇಕಾದ ನೀರೆಲ್ಲ ತಾಯಿಯ ಹಾಲಿನಲ್ಲಿಯೇ ಇದೆ.

ಇನ್ನು ತಾಯಿಯ ಮಾತು. ಬಯಲಲ್ಲಿ ಬಿದ್ದ ಮಲದಿಂದ ತೇವದ ಮಣ್ಣಿಗೆ ಸೇರುವ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಶ್ವಾಸಕೋಶವನ್ನು ಹಾಯ್ದು ಕರುಳಿಗೆ ಇಳಿದು, ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತವೆ. ಭತ್ತದ ನಾಟಿಗೆ ಇಳಿಯುವ ಹೆಣ್ಣುಮಕ್ಕಳಿಗೆ ಚಪ್ಪಲಿ ಮೆಟ್ಟಿಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ, ಆದರೆ ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಹೊಲದ ಬದುವಿಗೆ ಯಾರೂ ಬಹಿರ್ದೆಸೆಗೆ ಹೋಗದಂತೆ ಊರೇ ನೋಡಿಕೊಂಡರೆ ಮಾತ್ರ ಅವರ ಕಾಲು ಉಳಿಯುತ್ತದೆ. ತಾಯಿಗೆ ರಕ್ತ ಕಡಿಮೆಯಾದರೂ ಹಾಲಿನ ಕಬ್ಬಿಣದ ಅಂಶ ಅಷ್ಟಾಗಿ ಇಳಿಯುವುದಿಲ್ಲ. ದೇಹ ಕೂಸಿಗೆ ಕೊಟ್ಟು ತಾನು ಬಡವಾಗುತ್ತದೆ. ಆದ್ದರಿಂದಲೇ ಹೆರಿಗೆಯ ನಂತರ 180 ದಿನ, ದಿನಕ್ಕೊಂದರಂತೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕೆಂದು ಸರ್ಕಾರದ ಕಾರ್ಯಕ್ರಮ ಹೇಳುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಗಳು ಗೂಡಿನಲ್ಲಿಯೇ ಉಳಿಯದಿರಲಿ, ತಾಯಂದಿರೇ.

ಜಂತುಹುಳುವಿಗೆ ಕೊಡುವ ಅಲ್ಬೆಂಡಜೋಲ್ ಕರುಳಿನಿಂದ ರಕ್ತಕ್ಕೆ ಸೇರುವುದು ಕಡಿಮೆ, ಹಾಲಿಗೆ ಇಳಿಯುವುದು ಅತ್ಯಲ್ಪ; ವೈದ್ಯರು ಹೇಳಿದಾಗ ಹಾಲುಣಿಸುವ ತಾಯಿ ಅದನ್ನು ನುಂಗಬಹುದು, ಅದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ. ಕೂಸು ಅಂಬೆಗಾಲಿಟ್ಟು ಮಣ್ಣು ಬಾಯಿಗೆ ಹಾಕತೊಡಗಿದ ಮೇಲೆ ದುಂಡುಹುಳುವಿನ ಮೊಟ್ಟೆಗಳೂ ಒಳಹೋಗುತ್ತವೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು, ವರ್ಷ ತುಂಬಿದ ಮಗುವಿಗೆ ಅಂಗನವಾಡಿಯಲ್ಲಿ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಎರಡು ವರ್ಷ ತುಂಬಿದ ಮೇಲೆ ಇಡೀ ಮಾತ್ರೆ.