ತೈಲ ಸರ್ಕಾರದ್ದು, ಸರಿ. ದುಡ್ಡು ಯಾರ ಕೈಯಲ್ಲಿ?

ಎಲ್ಲರಿಗೂ ನಮಸ್ಕಾರ.

1938ರ ಮಾರ್ಚ್ 18ರಂದು ಮೆಕ್ಸಿಕೊದ ಅಧ್ಯಕ್ಷ ಲಸಾರೊ ಕಾರ್ಡೆನಾಸ್ ರೇಡಿಯೊದಲ್ಲಿ ಒಂದು ಸುದ್ದಿ ಹೇಳಿದರು: ವಿದೇಶಿ ತೈಲ ಕಂಪನಿಗಳ ಆಸ್ತಿ ಇನ್ನು ಸರ್ಕಾರದ್ದು. ಆ ಕಂಪನಿಗಳಿಗೆ ಪರಿಹಾರ ಕೊಡಬೇಕಿತ್ತಲ್ಲ, ಅದಕ್ಕೆ ಜನ ಸಾಲುಗಟ್ಟಿ ನಿಂತು ಚಂದಾ ಕೊಟ್ಟರು. ಹೆಂಗಸರು ಮದುವೆಯ ಉಂಗುರ ಬಿಚ್ಚಿ ಕೊಟ್ಟರು. ಬಡವರು ಕೋಳಿ ಹಿಡಿದು ತಂದರು. ಕೋಳಿಯಿಂದ ಅಂಥ ಸಾಲ ತೀರುವುದಿಲ್ಲ, ನಿಜ. ಆದರೆ ಸರ್ಕಾರಿ ತೈಲ ಕಂಪನಿ ಅಂದರೆ ಜನರಿಗೆ ಎಷ್ಟು ಹೆಮ್ಮೆ ಎಂಬುದು ಇಲ್ಲಿ ಕಾಣುತ್ತದೆ.

ಹೀಗೆ ಹುಟ್ಟಿದ ಸರ್ಕಾರಿ ಕಂಪನಿ ಪೆಮೆಕ್ಸ್ ಮುಂದೆ ಸರ್ಕಾರದ ಗಲ್ಲಾಪೆಟ್ಟಿಗೆಯಾಯಿತು. ಕೆಲವು ವರ್ಷ ಸರ್ಕಾರದ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ತೈಲದಿಂದಲೇ ಬರುತ್ತಿತ್ತು. ರಸ್ತೆ, ಶಾಲೆ, ಸಂಬಳ ಎಲ್ಲಕ್ಕೂ ಅದೇ ದುಡ್ಡು. ತಪ್ಪೇನು ಅಂತ ಕೇಳಬಹುದು. ಹಾಲು ಕರೆದುಕೊಂಡು ಮೇವು ಹಾಕದಿದ್ದರೆ ಹಸು ಎಷ್ಟು ದಿನ ಕೊಟ್ಟೀತು? ಕಾಂತಾರೆಲ್ ಎಂಬ ಕಡಲ ತೈಲ ಕ್ಷೇತ್ರವನ್ನೇ ನೋಡಿ. ನೀರಿನ ಮೇಲೆ ಎಣ್ಣೆ ತೇಲುವುದನ್ನು ಕಂಡು ತಿಳಿಸಿದ ಮೀನುಗಾರನ ಹೆಸರನ್ನೇ ಅದಕ್ಕಿಟ್ಟರು. 2004ರಲ್ಲಿ ಅಲ್ಲಿಂದ ದಿನಕ್ಕೆ 20 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ಬರುತ್ತಿತ್ತು. ಆಮೇಲೆ ಸರ್ರನೆ ಇಳಿಯಿತು. ಅದರ ಜಾಗ ತುಂಬುವಷ್ಟು ಹೊಸ ಬಾವಿಗಳು ತಯಾರಿರಲಿಲ್ಲ. ಸಾಲ ಮಾತ್ರ ಬೆಳೆಯಿತು.

ನಾರ್ವೆ ಬೇರೆ ದಾರಿ ಹಿಡಿಯಿತು. 1969ರಲ್ಲಿ ಎಕೋಫಿಸ್ಕ್‌ನಲ್ಲಿ ತೈಲ ಸಿಕ್ಕಾಗ ಅವರಿಗೆ ಆ ಕೆಲಸ ಗೊತ್ತಿರಲಿಲ್ಲ. ವಿದೇಶಿ ಕಂಪನಿಗಳನ್ನು ಓಡಿಸಲಿಲ್ಲ, ಅವರಿಂದಲೇ ಕಲಿತರು. ಸ್ಟಾಟ್‌ಫ್ಯೋರ್ಡ್ ಕ್ಷೇತ್ರವನ್ನು ಮೊದಲು ನಡೆಸಿದ್ದು ಅಮೆರಿಕದ ಮೊಬಿಲ್. 1987ರಲ್ಲಿ ಅದು ಸರ್ಕಾರಿ ಕಂಪನಿ ಸ್ಟಾಟಾಯಿಲ್ ಕೈಗೆ ಬಂತು. ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆ. 1972ರಲ್ಲಿ ಕಂಪನಿ ಕಟ್ಟಿದಾಗಲೇ ಅದರ ಮೇಲೆ ಕಣ್ಣಿಡಲು ಪ್ರತ್ಯೇಕ ಇಲಾಖೆಯನ್ನೂ ಮಾಡಿದರು. ತೈಲ ತೆಗೆಯುವವರು ಬೇರೆ, ಲೆಕ್ಕ ಕೇಳುವವರು ಬೇರೆ. ಬಂದ ದುಡ್ಡನ್ನೂ ಪೂರ್ತಿ ಖರ್ಚು ಮಾಡಲಿಲ್ಲ. 1990ರಲ್ಲಿ ಉಳಿತಾಯ ನಿಧಿಗೆ ಕಾನೂನು ಮಾಡಿದರು, 1996ರಲ್ಲಿ ಮೊದಲ ಕಂತು ಹಾಕಿದರು.

ನಾರ್ವೆಯಲ್ಲಿ ತೈಲಕ್ಕೆ ಮುಂಚೆಯೇ ಗಟ್ಟಿ ಆಡಳಿತ ಇತ್ತಲ್ಲ ಅಂತೀರಿ. ಒಪ್ಪುತ್ತೇನೆ. ಆದರೆ ಕೆಲಸ ಬಲ್ಲವರನ್ನು ಉಳಿಸಿಕೊಳ್ಳಲು ಶ್ರೀಮಂತ ದೇಶವೇ ಆಗಬೇಕಿಲ್ಲ. ವೆನೆಜುವೆಲಾದಲ್ಲಿ 2002ರ ಕೊನೆಗೆ ಶುರುವಾದ ಮುಷ್ಕರದ ನಂತರ ಸರ್ಕಾರಿ ಕಂಪನಿಯಿಂದ ಸುಮಾರು 18,000 ಜನರನ್ನು ತೆಗೆದುಹಾಕಿದರು. ಅವರಲ್ಲಿ ಬಾವಿಗಳನ್ನು ಅಂಗೈಯಂತೆ ಬಲ್ಲ ಎಂಜಿನಿಯರುಗಳೂ ಇದ್ದರು. ನೆಲದಡಿ ತೈಲ ಹಾಗೇ ಇತ್ತು, ತೆಗೆಯುವ ಕೈ ಹೋಯಿತು.

ಬ್ರೆಜಿಲ್‌ನ ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್‌ನಲ್ಲಿ ಎರಡೂ ಮುಖ ಒಟ್ಟಿಗಿವೆ. ಆಳ ಸಮುದ್ರದಲ್ಲಿ ತೈಲ ತೆಗೆಯುವುದರಲ್ಲಿ ಅದು ಜಗತ್ತಿಗೇ ಮುಂದೆ. 2014ರಲ್ಲಿ ಬಯಲಾದ ಲಂಚದ ಹಗರಣದ ನಡುವೆ ಇದ್ದದ್ದೂ ಅದೇ ಕಂಪನಿಯ ಗುತ್ತಿಗೆಗಳು.

ಹಾಗಾದರೆ ಮಾರಿಬಿಡೋದೇ ವಾಸಿ ಅಲ್ವಾ ಅನ್ನುವವರಿದ್ದಾರೆ. ಅರ್ಜೆಂಟೀನಾ ಅದನ್ನೂ ಮಾಡಿ ನೋಡಿತು. 1922ರಲ್ಲಿ ಕಟ್ಟಿದ ವೈಪಿಎಫ್ ಕಂಪನಿಯನ್ನು 1990ರ ದಶಕದಲ್ಲಿ ಮಾರಿತು. 2012ರಲ್ಲಿ ಅದರ ಶೇ. 51 ಪಾಲನ್ನು ವಾಪಸ್ ಕಿತ್ತುಕೊಂಡಿತು. ಅದಕ್ಕಾಗಿ ಆ ಪಾಲು ಹೊಂದಿದ್ದ ಸ್ಪೇನ್‌ನ ರೆಪ್ಸೋಲ್ ಕಂಪನಿಗೆ ಸುಮಾರು 500 ಕೋಟಿ ಡಾಲರ್ ಮೌಲ್ಯದ ಬಾಂಡ್ ಕೊಡಬೇಕಾಯಿತು.