ಒಂದು ಕೆನ್ನೆ, ಒಂದು ಸ್ವಿಚ್ಚು

ಕೇಳುಗರೇ, ನಮಸ್ಕಾರ.

ಈ ಭಾಷಣದಲ್ಲಿರುವುದು ಸುಮಾರು 500 ಪದ. ಓದಿ ಮುಗಿಸಲು ಐದಾರು ನಿಮಿಷ ಸಾಕು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2011ರ ಸುಮಾರಿಗೆ ಇದನ್ನು ಬರೆಯಲು ಹೊರಟಿದ್ದರೆ ಎಂಟು ತಾಸು ಹಿಡಿಯಬಹುದಿತ್ತು. ಆಗ ಅವರ ವೇಗ ನಿಮಿಷಕ್ಕೆ ಒಂದು ಪದ, ಹೆಚ್ಚೆಂದರೆ ಎರಡು. ಮಾತು ಕಳೆದುಕೊಂಡಿದ್ದ ಅವರ ಮೆದುಳನ್ನೇ ಓದಿ ಯಂತ್ರ ಮಾತಾಡುತ್ತಿತ್ತು ಎಂದು ನಂಬಿದವರು ಇಂದಿಗೂ ಇದ್ದಾರೆ. ಹಾಗೇನೂ ಇರಲಿಲ್ಲ. ಇದ್ದದ್ದು ಒಂದೇ ಒಂದು ಸ್ವಿಚ್ಚು.

ಹಾಕಿಂಗ್ ಹುಟ್ಟಿದ್ದು 1942ರ ಜನವರಿ 8ರಂದು, ಆಕ್ಸ್‌ಫರ್ಡ್‌ನಲ್ಲಿ. 21ನೇ ವಯಸ್ಸಿನಲ್ಲಿ, 1963ರಲ್ಲಿ, ಎ.ಎಲ್.ಎಸ್. ಪತ್ತೆಯಾಯಿತು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಸಾಯುತ್ತ ಹೋಗುವ ಕಾಯಿಲೆ ಅದು. ಇನ್ನೆರಡು ವರ್ಷ ಎಂದರು ವೈದ್ಯರು. ಕಾಯಿಲೆ ನಿಧಾನವಾಗಿ ಬೆಳೆಯಿತು, ಅವರು ಆಮೇಲೂ 55 ವರ್ಷ ಬದುಕಿದರು. ಕೈಯಲ್ಲಿ ಬರೆಯಲಾಗದ ಮೇಲೆ ಸಮೀಕರಣಗಳನ್ನು ಆಕೃತಿಗಳಾಗಿ ಮನಸ್ಸಿನಲ್ಲೇ ತಿರುಗಿಸಿ ನೋಡುವುದನ್ನು ರೂಢಿಸಿಕೊಂಡರು. ಬೆಳಕನ್ನೂ ನುಂಗಿಬಿಡುವ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಮೇಲ್ಮೈ ವಿಸ್ತೀರ್ಣ ಎಂದೂ ಕುಗ್ಗದು ಎಂಬ ನಿಯಮ ಹೊಳೆದದ್ದು 1970ರ ನವೆಂಬರಿನಲ್ಲಿ, ರಾತ್ರಿ ಹಾಸಿಗೆ ಸೇರುವಾಗ. ಹಾಸಿಗೆ ಸೇರುವುದಕ್ಕೇ ಬಹಳ ಹೊತ್ತು ಬೇಕಾಗುತ್ತಿದ್ದುದರಿಂದ ಯೋಚಿಸಲು ಬಿಡುವೂ ಸಿಗುತ್ತಿತ್ತು! 1974ರಲ್ಲಿ ಕಪ್ಪುಕುಳಿ ವಿಕಿರಣ ಸೂಸುತ್ತ ಕುಗ್ಗಬಲ್ಲದೆಂದು ತೋರಿಸಿ, ಆ ನಿಯಮಕ್ಕೆ ತಾವೇ ಅಪವಾದವನ್ನೂ ಒದಗಿಸಿದರು.

1985ರಲ್ಲಿ ಜಿನೀವಾಕ್ಕೆ ಹೋಗಿದ್ದಾಗ ನ್ಯುಮೋನಿಯಾ ತಗುಲಿತು. ಪ್ರಾಣ ಉಳಿಸಲು ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಬೇಕಾಯಿತು. ಆಗ ಉಸಿರು ಧ್ವನಿಪೆಟ್ಟಿಗೆಯ ಕೆಳಗೇ ಹೊರಬೀಳುತ್ತದೆ. ಧ್ವನಿತಂತುಗಳಿಗೆ ಗಾಳಿಯೇ ತಾಗದು. ಅಲ್ಲಿಗೆ ಮಾತು ಪೂರ್ತಿ ನಿಂತಿತು. ಉಳಿದದ್ದು ಅಕ್ಷರ ಬರೆದ ರಟ್ಟು. ಒಬ್ಬರು ಅಕ್ಷರಗಳ ಮೇಲೆ ಬೆರಳಿಡುತ್ತ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಇವರು ಹುಬ್ಬೇರಿಸಬೇಕು.

ಕ್ಯಾಲಿಫೋರ್ನಿಯಾದ ವಾಲ್ಟರ್ ವೋಲ್ಟೋಸ್ ಎಂಬುವರು, ತಮ್ಮ ಅತ್ತೆಗೆ ಇದೇ ಕಾಯಿಲೆ ಬಂದಾಗ, ‘ಈಕ್ವಲೈಜರ್’ ಎಂಬ ಸಾಫ್ಟ್‌ವೇರ್ ಬರೆದಿದ್ದರು. ಅದನ್ನು ಹಾಕಿಂಗ್‌ಗೆ ಕಳಿಸಿಕೊಟ್ಟರು. ಕೇಂಬ್ರಿಜ್‌ನ ಡೇವಿಡ್ ಮೇಸನ್ ಗಾಲಿಕುರ್ಚಿಗೆ ಸಣ್ಣ ಕಂಪ್ಯೂಟರನ್ನೂ ಧ್ವನಿಯಂತ್ರವನ್ನೂ ಕೂರಿಸಿದರು. ಅಂಥ ಸಾಫ್ಟ್‌ವೇರ್ ಕೆಲಸ ಮಾಡುವ ಬಗೆ ಹೀಗೆ: ಪರದೆಯ ಮೇಲೆ ಅಕ್ಷರಗಳ ಸಾಲುಗಳು. ಕರ್ಸರ್ ತಾನಾಗಿಯೇ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಸ್ವಿಚ್ ಒತ್ತಬೇಕು. ಆಮೇಲೆ ಆ ಸಾಲಿನೊಳಗೆ ಒಂದೊಂದೇ ಅಕ್ಷರ ದಾಟುತ್ತದೆ, ಮತ್ತೆ ಒತ್ತಬೇಕು. ಒಂದೆರಡು ಅಕ್ಷರ ಕೂಡಿದರೆ ಯಂತ್ರವೇ ಪದಗಳನ್ನು ಸೂಚಿಸುತ್ತದೆ. ಕೈ ಆಡುತ್ತಿದ್ದಾಗ ನಿಮಿಷಕ್ಕೆ ಸುಮಾರು 15 ಪದ ಸಾಗುತ್ತಿತ್ತು.

ಎಡವುವುದು ಎಲ್ಲಿ? ಕರ್ಸರಿನ ವೇಗದಲ್ಲಿ. ನಿಧಾನ ಮಾಡಿದರೆ ಹೊತ್ತು ಹಾಳು. ಜೋರು ಮಾಡಿದರೆ ಅಕ್ಷರ ಜಾರಿ ಪಕ್ಕದ್ದು ಬೀಳುತ್ತದೆ. ಅದನ್ನು ಅಳಿಸಬೇಕೆಂದರೂ ಅಳಿಸುವ ಗುಂಡಿಯವರೆಗೆ ಕರ್ಸರ್ ಬರುವುದನ್ನೇ ಕಾಯಬೇಕು. ಕನ್ನಡದಲ್ಲಿ ಇಂಥ ಅಕ್ಷರಮಣೆ ಮಾಡುವವರಿಗೆ ಇನ್ನೂ ಒಂದು ತೊಡಕಿದೆ. ಇಂಗ್ಲಿಷಿಗೆ 26 ಅಕ್ಷರ, ನಮ್ಮ ವರ್ಣಮಾಲೆಗೆ 49. ಮೇಲೆ ಗುಣಿತ, ಒತ್ತಕ್ಷರ. ವರ್ಗದ ಸಾಲುಗಳು ಕಣ್ಣಿಗೆ ಚಂದ, ಆದರೆ ಹೆಚ್ಚು ಬಳಸುವ ಅಕ್ಷರಗಳನ್ನು ಮೊದಲ ಸಾಲಿಗೆ ತಂದರೇ ಕೆಲಸ ಬೇಗ ಸಾಗುವುದು.

2005ರ ಸುಮಾರಿಗೆ ಕೈಯೂ ಸೋತಿತು. ಕನ್ನಡಕಕ್ಕೆ, ಕಣ್ಣಿಗೆ ಕಾಣದ ಅವಗೆಂಪು ಕಿರಣ ಬಳಸುವ ಪುಟ್ಟ ಸಂವೇದಕ ಸಿಕ್ಕಿಸಿದರು. ಬಲಗೆನ್ನೆಯ ಸ್ನಾಯು ಬಿಗಿದಾಗ ಪ್ರತಿಫಲಿಸುವ ಕಿರಣ ಬದಲಾಗುತ್ತದೆ, ಅದೇ ಸ್ವಿಚ್ ಒತ್ತಿದಂತೆ. ಆ ಸ್ನಾಯುವೂ ಕುಂದುತ್ತ ಬಂದಾಗ ಇಂಟೆಲ್ ಕಂಪನಿಯ ಲಾಮಾ ನಕ್ಮನ್ ಅವರ ತಂಡ ಬೇರೆ ದಾರಿ ಹುಡುಕಿತು. ಕಣ್ಣಿನ ಚಲನೆ ಗುರುತಿಸುವ ಕ್ಯಾಮೆರಾ ಪ್ರಯತ್ನಿಸಿದರು. ರೆಪ್ಪೆಗಳು ಇಳಿಬಿದ್ದಿದ್ದರಿಂದ ಕೈಗೂಡಲಿಲ್ಲ. ಮೆದುಳಿನ ಅಲೆ ಹಿಡಿಯುವ ಟೋಪಿ ತೊಡಿಸಿದರು. ಸಂಕೇತ ಸಾಲದೆ ಹೋಯಿತು. ಕಡೆಗೆ ಕೆನ್ನೆಯನ್ನೇ ಉಳಿಸಿಕೊಂಡು ಸಾಫ್ಟ್‌ವೇರ್ ಬದಲಿಸಿದರು. ಪದ ಊಹಿಸುವ ಭಾಗಕ್ಕೆ ಹಾಕಿಂಗ್ ಅವರದೇ ಬರಹಗಳನ್ನು ಉಣಿಸಿದ್ದರಿಂದ ‘ಕಪ್ಪು’ ಎಂದು ಆರಿಸಿದೊಡನೆ ‘ಕುಳಿ’ ಸಿದ್ಧವಾಗಿರುತ್ತಿತ್ತು. ಇಂಗ್ಲಿಷಿನಲ್ಲಿ, ಅಷ್ಟೆ. ಬರೆಯುವ ವೇಗ ಇಮ್ಮಡಿಯಾಯಿತು. 2015ರಲ್ಲಿ ಆ ಸಾಫ್ಟ್‌ವೇರನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ದೊಡ್ಡ ಫಲ ಅದೇ.

ಇನ್ನು ಹಾಕಿಂಗ್ ಅವರ ಆ ಯಂತ್ರದ ದನಿ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಡೆನ್ನಿಸ್ ಕ್ಲಾಟ್ ತಮ್ಮ ಸ್ವಂತ ದನಿಯನ್ನೇ ಮಾದರಿಯಾಗಿಟ್ಟು ರೂಪಿಸಿದ್ದದು. 1980ರ ದಶಕದ ‘ಕಾಲ್‌ಟೆಕ್ಸ್ಟ್ 5010’ ಎಂಬ ಯಂತ್ರ ಅದನ್ನು ನುಡಿಸುತ್ತಿತ್ತು. ಹೆಚ್ಚು ಸಹಜವಾದ ದನಿಗಳು ಬಂದರೂ ಹಾಕಿಂಗ್ ಒಪ್ಪಲಿಲ್ಲ. ಹಳೆಯ ಯಂತ್ರ ಕೆಟ್ಟರೆ ಬಿಡಿಭಾಗ ಸಿಗದು. ಹಾಗಾಗಿ ಎಂಜಿನಿಯರುಗಳು ಅದರ ಹಳೆಯ ಚಿಪ್‌ಗಳ ನಡವಳಿಕೆಯನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಅದೇ ದನಿ ಇಳಿಸಿದರು. ಅದು ಹಾಕಿಂಗ್ ಕೈಸೇರಿದ್ದು 2018ರ ಜನವರಿಯಲ್ಲಿ. ಮಾರ್ಚ್ 14ರಂದು ಅವರು ತೀರಿಕೊಂಡರು.

ಅದೇ ವರ್ಷ ಜೂನ್ 15ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಚಿತಾಭಸ್ಮ ಹೂಳಿದ ದಿನ, ಸ್ಪೇನ್‌ನ ಸೆಬ್ರೆರೋಸ್ ಆಂಟೆನಾದಿಂದ ಆ ದನಿಯನ್ನು ಒಂದು ಕಪ್ಪುಕುಳಿಯತ್ತ ಪ್ರಸಾರ ಮಾಡಿದರು. ಆ ಕಪ್ಪುಕುಳಿ ಇರುವುದು ಸುಮಾರು 3,500 ಜ್ಯೋತಿರ್ವರ್ಷ ದೂರದಲ್ಲಿ. ರೇಡಿಯೋ ಅಲೆ ಇನ್ನೂ ದಾರಿಯಲ್ಲಿದೆ.

ನಮಸ್ಕಾರ.