ಜಪಾನಿನ ರಫ್ತು: ಅಂಗಡಿಯ ಸರಕಿನಿಂದ ಕಾರ್ಖಾನೆಯ ಸರಕಿನವರೆಗೆ

ವೇದಿಕೆಯ ಮೇಲಿರುವ ಹಿರಿಯರೆ, ಅರ್ಥಶಾಸ್ತ್ರ ಮತ್ತು ವಾಣಿಜ್ಯ ವಿಭಾಗಗಳ ವಿದ್ಯಾರ್ಥಿ ಮಿತ್ರರೆ,

ಕೈಗಾರಿಕೆಯಲ್ಲಿ ಮುಂದುವರಿದ ದೇಶವೊಂದು ಹೊರಗೆ ಏನನ್ನು ಮಾರುತ್ತದೆ, ಯಾರಿಗೆ ಮಾರುತ್ತದೆ ಎಂಬುದನ್ನು ಇಂದು ಜಪಾನಿನ ಉದಾಹರಣೆಯಿಂದ ನೋಡೋಣ. ಜಪಾನ್ ಎಂದೊಡನೆ ನಮ್ಮ ತಲೆಮಾರಿನವರಿಗೆ ಕೈಗಡಿಯಾರ, ಟ್ರಾನ್ಸಿಸ್ಟರ್ ರೇಡಿಯೊ, ಟೇಪ್ ರೆಕಾರ್ಡರ್, ಕ್ಯಾಮೆರಾಗಳು ನೆನಪಾಗುತ್ತವೆ; ನಿಮ್ಮ ತಲೆಮಾರಿಗೆ ಬಹುಶಃ ಕಾರು ಮಾತ್ರ ನೆನಪಾದೀತು. ಇದನ್ನು ಕಂಡು ಆ ದೇಶದ ಕೈಗಾರಿಕೆ ಸೊರಗಿತೆಂದು ತೀರ್ಮಾನಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಂಗಡಿಯಲ್ಲಿ ಕಾಣುವ ಸರಕುಗಳಿಂದ ಜಪಾನ್ ಬಹುಮಟ್ಟಿಗೆ ಹಿಂದೆ ಸರಿದು, ಬೇರೆ ದೇಶಗಳ ಕಾರ್ಖಾನೆಗಳೊಳಗೆ ಮಾತ್ರ ಕಾಣುವ ಯಂತ್ರ, ಬಿಡಿಭಾಗ ಮತ್ತು ರಾಸಾಯನಿಕಗಳ ಕಡೆಗೆ ಹೋಗಿದೆ. ಸರಕು ಬದಲಾದಂತೆ ಅದರ ಗಿರಾಕಿಗಳೂ ಬದಲಾಗಿದ್ದಾರೆ. ಈ ಬದಲಾವಣೆಯನ್ನು ಅರಿಯದೆ ಆ ದೇಶದ ರಫ್ತಿನ ಪಟ್ಟಿಯನ್ನು ಓದಿದರೆ ಅಂಕಿಗಳು ನಮ್ಮನ್ನು ದಾರಿ ತಪ್ಪಿಸುತ್ತವೆ.

ಮಾರುವ ಸರಕಿನ ಮಾತಿಗೆ ಮೊದಲು ಕೊಳ್ಳುವ ಸರಕಿನ ಮಾತು ಬರಬೇಕು. ಸುಮಾರು 12.4 ಕೋಟಿ ಜನಸಂಖ್ಯೆಯ ಜಪಾನಿನಲ್ಲಿ ಕಚ್ಚಾ ತೈಲ ಹೆಸರಿಗಷ್ಟೇ ಸಿಗುತ್ತದೆ. ಅದು ಕೊಳ್ಳುವ ತೈಲದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಮೊದಲಾದ ಪಶ್ಚಿಮ ಏಷ್ಯಾದ ದೇಶಗಳಿಂದ ಬರುತ್ತದೆ. ಕಲ್ಲಿದ್ದಲು, ಕಬ್ಬಿಣದ ಅದಿರು, ದ್ರವೀಕೃತ ನೈಸರ್ಗಿಕ ಅನಿಲ ಈ ಮೂರಕ್ಕೂ ಅದರ ಅತಿದೊಡ್ಡ ಪೂರೈಕೆದಾರ ಆಸ್ಟ್ರೇಲಿಯಾ. ಜಪಾನಿನ ದೊಡ್ಡ ಉಕ್ಕಿನ ಕಾರ್ಖಾನೆಗಳೆಲ್ಲ ಗಣಿಗಳ ಪಕ್ಕದಲ್ಲಿರದೆ ಕಡಲಂಚಿನಲ್ಲಿ ಏಕಿವೆ ಎಂಬುದಕ್ಕೆ ಉತ್ತರ ಇಲ್ಲಿದೆ: ಅದಿರು ಹಡಗಿನಲ್ಲಿ ಬರಬೇಕು, ಉಕ್ಕು ಹಡಗಿನಲ್ಲಿ ಹೋಗಬೇಕು. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶ ಕೆಲವೇ ದಶಕಗಳಲ್ಲಿ ಉಕ್ಕಿನಲ್ಲಿ ಮುಂದೆ ಬಂದದ್ದು ಆಸ್ಟ್ರೇಲಿಯಾದ ಪಿಲ್ಬರಾ, ನಮ್ಮ ದೇಶದ ಬೈಲಾಡಿಲ ಮುಂತಾದ ಕಡೆಗಳಿಂದ ದೀರ್ಘಾವಧಿಯ ಒಪ್ಪಂದಗಳ ಮೇಲೆ ತರಿಸಿಕೊಂಡ ಅದಿರಿನಿಂದ. ಇಷ್ಟನ್ನೆಲ್ಲ ಕೊಳ್ಳಲು ಡಾಲರ್ ಬೇಕು, ಡಾಲರ್ ಬರಬೇಕಾದರೆ ಏನನ್ನಾದರೂ ಮಾರಲೇಬೇಕು. ಜಪಾನಿನ ರಫ್ತಿನ ಛಲದ ಹಿಂದೆ ಈ ಅನಿವಾರ್ಯತೆ ಸದಾ ಇದೆ.

ಆ ದೇಶ ಮೊದಲು ಮಾರಿದ್ದು ರೇಷ್ಮೆಯನ್ನು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದಾಗಿನಿಂದ 1930ರ ದಶಕದವರೆಗೆ ಕಚ್ಚಾ ರೇಷ್ಮೆಯೇ ಜಪಾನಿನ ಪ್ರಧಾನ ರಫ್ತಾಗಿತ್ತು. 1872ರಲ್ಲಿ ಸರ್ಕಾರವೇ ತೊಮಿಯೊಕಾದಲ್ಲಿ ಫ್ರೆಂಚ್ ತಂತ್ರಜ್ಞಾನದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಜಪಾನ್ ಚೀನಾವನ್ನು ಹಿಂದಿಕ್ಕಿ ಜಗತ್ತಿಗೇ ಅತಿ ಹೆಚ್ಚು ಕಚ್ಚಾ ರೇಷ್ಮೆ ಮಾರುವ ದೇಶವಾಯಿತು. 1920ರ ದಶಕದಲ್ಲಿ ಒಟ್ಟು ರಫ್ತಿನ ಸುಮಾರು ಮೂರನೆಯ ಒಂದು ಭಾಗ ರೇಷ್ಮೆಯೇ ಆಗಿತ್ತು, ಅದರ ಬಹುಪಾಲು ಅಮೆರಿಕಕ್ಕೆ ಹೋಗಿ ಹೆಂಗಸರ ಕಾಲುಚೀಲವಾಗುತ್ತಿತ್ತು. ಒಂದೇ ಸರಕು, ಒಬ್ಬನೇ ದೊಡ್ಡ ಗಿರಾಕಿ ಎಂಬ ವ್ಯವಸ್ಥೆಯ ಅಪಾಯ ಬೇಗನೆ ಬಯಲಾಯಿತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ರೇಷ್ಮೆಯ ಬೆಲೆ ಬಿದ್ದು ಹಳ್ಳಿಗಳ ಕೃಷಿಕರು ಕಂಗಾಲಾದರು. ನೈಲಾನ್ ಕಾಲುಚೀಲ 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದದ್ದೂ ಅದರ ಬೆನ್ನಿಗೆ ಬಂದ ಯುದ್ಧವೂ ಆ ವ್ಯಾಪಾರವನ್ನು ಮುಗಿಸಿಬಿಟ್ಟವು.

ಈ ಕಥೆಗೆ ನಮ್ಮ ಮೈಸೂರು ಸೀಮೆಯೊಂದಿಗೆ ನೇರವಾದ ನಂಟಿದೆ. ಜಪಾನಿಗೆ ಹೋಗಿ ಅಲ್ಲಿನ ರೇಷ್ಮೆ ಕೃಷಿಯನ್ನು ಕಂಡ ಜಮ್‌ಶೆಡ್‌ಜಿ ಟಾಟಾ ಅವರು 1890ರ ದಶಕದಲ್ಲಿ ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಆರಂಭಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಒಂದು ಶತಮಾನದ ಬಳಿಕ, 1991ರಿಂದ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಜಪಾನ್ ಸರ್ಕಾರದ ಸಹಕಾರ ಸಂಸ್ಥೆಯಾದ ಜೈಕಾದೊಂದಿಗೆ ಸೇರಿ ನಮ್ಮ ಹವೆಗೆ ಒಗ್ಗುವ ದ್ವಿತಳಿ ರೇಷ್ಮೆಯನ್ನು, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳುವಿನ ರೇಷ್ಮೆಯನ್ನು, ರೂಢಿಗೆ ತರುವ ಕೆಲಸ ಮಾಡಿತು. ಆ ಹೊತ್ತಿಗೆ ಜಪಾನಿನಲ್ಲೇ ರೇಷ್ಮೆ ಸಾಕುವವರು ವಿರಳವಾಗಿದ್ದರು. ಸರಕಿನ ರಫ್ತು ನಿಂತ ಮೇಲೂ ಆ ಸರಕಿನ ಜ್ಞಾನ ಗಡಿ ದಾಟಬಹುದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆದರೆ ಅದು ವ್ಯಾಪಾರದ ಪಟ್ಟಿಯಲ್ಲಿ ದಾಖಲಾಗುವುದಿಲ್ಲ.

ರೇಷ್ಮೆಯ ನಂತರ ಹತ್ತಿ ಬಟ್ಟೆ ಬಂತು. 1930ರ ದಶಕದ ಆರಂಭದಲ್ಲಿ ಜಪಾನ್ ಹತ್ತಿ ಬಟ್ಟೆಯ ರಫ್ತಿನಲ್ಲಿ ಬ್ರಿಟನ್ನನ್ನೇ ಮೀರಿಸಿತು. ಇದರಿಂದ ಕಂಗೆಟ್ಟ ಬ್ರಿಟಿಷ್ ಇಂಡಿಯಾ ಸರ್ಕಾರ 1933ರಲ್ಲಿ ಬ್ರಿಟನ್ನಿನದಲ್ಲದ ಬಟ್ಟೆಯ ಮೇಲಿನ ಸುಂಕವನ್ನು ನೂರಕ್ಕೆ 75ಕ್ಕೆ ಏರಿಸಿದಾಗ, ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನು ಕೊಳ್ಳುವುದಿಲ್ಲವೆಂದು ಹಟ ಹಿಡಿದವು. ಮರುವರ್ಷದ ಒಪ್ಪಂದ ಇಷ್ಟು ಬಟ್ಟೆಗೆ ಇಷ್ಟು ಹತ್ತಿ ಎಂದು ಎರಡನ್ನೂ ಗಂಟು ಹಾಕಿತು. ಸುಂಕದ ಸಮರಗಳು ಇಂದಿನ ಹೊಸ ಸಂಗತಿ ಎಂದು ಭಾವಿಸುವವರು ಆ ಜಗಳವನ್ನು ಓದಬೇಕು.

ಯುದ್ಧಾನಂತರದ ಹಂತಗಳನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ. 1949ರಲ್ಲಿ ಒಂದು ಡಾಲರಿಗೆ 360 ಯೆನ್ ಎಂದು ದರ ನಿಗದಿಯಾಯಿತು. ಆ ಅಗ್ಗದ ಯೆನ್ನಿನ ಬಲದಿಂದ ಬಟ್ಟೆ, ಆಟಿಕೆ, ಆನಂತರ ಹಡಗು, ಉಕ್ಕು, ರೇಡಿಯೊ, ಟೆಲಿವಿಷನ್ನುಗಳು ಹೊರಟವು. 1956ರ ಹೊತ್ತಿಗೆ ಹಡಗು ನಿರ್ಮಾಣದಲ್ಲಿ ಜಪಾನ್ ಜಗತ್ತಿನಲ್ಲಿ ಮೊದಲನೆಯದಾಗಿತ್ತು. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ತೆರೆದಾಗ ತಂತ್ರಜ್ಞಾನ ಬಂದದ್ದು ಜಪಾನಿನ ಸಿಟಿಜನ್ ಕಂಪನಿಯಿಂದ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಕಡಿಮೆ ಕುಡಿಯುವ ಸಣ್ಣ ಕಾರುಗಳಿಗೆ ಅಮೆರಿಕದಲ್ಲಿ ಬೇಡಿಕೆ ಏರಿತು, 1980ರಲ್ಲಿ ಕಾರು ತಯಾರಿಕೆಯಲ್ಲಿ ಜಪಾನ್ ಅಮೆರಿಕವನ್ನೇ ದಾಟಿತು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು 1980ರ ದಶಕದಲ್ಲಿ; ಇಂದಿನ ಜಪಾನಿನ ವ್ಯಾಪಾರದ ರೂಪ ಅಲ್ಲೇ ನಿರ್ಧಾರವಾಯಿತು. ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್ 1981ರಲ್ಲಿ ತಾನಾಗಿಯೇ ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸುವುದಿಲ್ಲವೆಂದು ಒಪ್ಪಿಕೊಂಡಿತು. ಹೋಂಡಾ 1982ರಲ್ಲಿ ಓಹಾಯೊದಲ್ಲಿ, ನಿಸ್ಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ ವಾಹನ ತಯಾರಿಕೆ ಆರಂಭಿಸಿದವು. ಟೊಯೊಟಾ 1988ರಲ್ಲಿ ಕೆಂಟಕಿಯಲ್ಲಿ ಆರಂಭಿಸಿತು. ನಡುವೆ 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳ ಹಣಕಾಸು ಮಂತ್ರಿಗಳು ಡಾಲರಿನ ವಿನಿಮಯ ಬೆಲೆಯನ್ನು ಇಳಿಸಲು ಒಪ್ಪಿದರು, ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ 1987ರ ಕೊನೆಗೆ 120ರ ಹತ್ತಿರಕ್ಕೆ ಬಂತು. ಜಪಾನಿನಲ್ಲಿ ತಯಾರಾದ ಸರಕು ಎರಡೇ ವರ್ಷಗಳಲ್ಲಿ ಡಾಲರಿನ ಲೆಕ್ಕದಲ್ಲಿ ಬಹುತೇಕ ಎರಡು ಪಟ್ಟು ದುಬಾರಿಯಾದಾಗ ಒಂದು ಕಂಪನಿಗೆ ಉಳಿಯುವ ದಾರಿಗಳು ಎರಡು: ಕಾರ್ಖಾನೆಯನ್ನೇ ಹೊರದೇಶಕ್ಕೆ ಒಯ್ಯುವುದು, ಅಥವಾ ಬೆಲೆ ಏರಿದರೂ ಗಿರಾಕಿ ಬಿಟ್ಟುಹೋಗಲಾರದಂಥ ಸರಕನ್ನು ಮಾಡುವುದು. ಜಪಾನಿನ ಕಂಪನಿಗಳು ಎರಡನ್ನೂ ಮಾಡಿದವು. ಟೆಲಿವಿಷನ್, ಗೃಹೋಪಯೋಗಿ ಯಂತ್ರಗಳ ಜೋಡಣೆ ಮಲೇಷ್ಯಾ, ಥಾಯ್ಲೆಂಡ್‌ಗಳಿಗೂ ಮುಂದೆ ಚೀನಾಕ್ಕೂ ಹೋಯಿತು; ಆ ಜೋಡಣೆಗೆ ಬೇಕಾದ ಬಿಡಿಭಾಗ, ಅಚ್ಚು, ಯಂತ್ರ, ವಿಶೇಷ ಉಕ್ಕು, ರಾಸಾಯನಿಕಗಳು ಜಪಾನಿನಲ್ಲೇ ತಯಾರಾಗಿ ಅಲ್ಲಿಗೆ ಹೋಗತೊಡಗಿದವು.

ಇದರ ಸ್ಪಷ್ಟ ರೂಪವನ್ನು ಕಂಪ್ಯೂಟರ್, ಫೋನುಗಳೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳ ಉದ್ಯಮದಲ್ಲಿ ಕಾಣಬಹುದು. 1980ರ ದಶಕದ ಕೊನೆಗೆ ಜಗತ್ತಿನ ಚಿಪ್ ಮಾರಾಟದ ಸುಮಾರು ಅರ್ಧ ಜಪಾನಿ ಕಂಪನಿಗಳ ಕೈಯಲ್ಲಿತ್ತು. ಇಂದು ಆ ಪಾಲು ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿದಿದೆ. ಇಷ್ಟನ್ನೇ ಕೇಳಿದವರಿಗೆ ಇದು ಸೋಲಿನ ಕಥೆ. ಆದರೆ ಚಿಪ್ ಮಾಡಲು ಬೇಕಾಗುವ ಸಿಲಿಕಾನ್ ಬಿಲ್ಲೆಗಳಲ್ಲಿ ಸುಮಾರು ಅರ್ಧದಷ್ಟನ್ನು ಶಿನ್-ಎತ್ಸು ಮತ್ತು ಸುಮ್ಕೊ ಎಂಬ ಎರಡು ಜಪಾನಿ ಕಂಪನಿಗಳು ಪೂರೈಸುತ್ತವೆ. ಬೆಳಕಿನಿಂದ ವಿನ್ಯಾಸ ಮೂಡಿಸಲು ಬಿಲ್ಲೆಯ ಮೇಲೆ ಬಳಿಯುವ ಫೋಟೊರೆಸಿಸ್ಟ್ ಎಂಬ ರಾಸಾಯನಿಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜಪಾನಿನವರದು. ಅದನ್ನು ಬಳಿಯುವ ಯಂತ್ರಗಳಲ್ಲೂ ಟೋಕಿಯೊ ಎಲೆಕ್ಟ್ರಾನ್ ಕಂಪನಿಯದು ಅಷ್ಟೇ ದೊಡ್ಡ ಪಾಲು. ಕಂಪ್ಯೂಟರಿನ ಮುಖ್ಯ ಚಿಪ್ಪನ್ನು ಕೂರಿಸುವ ಹಲಗೆಯಲ್ಲಿ ಬಳಸುವ ನಿರೋಧಕ ಹಾಳೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಪೂರೈಸುವುದು ಅಡುಗೆಗೆ ರುಚಿ ಕೊಡುವ ಪುಡಿಗೆ ಹೆಸರಾದ ಅಜಿನೊಮೊಟೊ ಕಂಪನಿ. 2019ರ ಜುಲೈನಲ್ಲಿ ಜಪಾನ್ ಇಂಥ ಮೂರು ರಾಸಾಯನಿಕಗಳನ್ನು ದಕ್ಷಿಣ ಕೊರಿಯಾಕ್ಕೆ ಕಳಿಸುವ ನಿಯಮಗಳನ್ನು ಬಿಗಿ ಮಾಡಿದಾಗ ಸ್ಯಾಮ್‌ಸಂಗ್‌ನಂಥ ದೈತ್ಯ ಸಂಸ್ಥೆಯೂ ಚಿಂತೆಗೆ ಬಿತ್ತು. ರಫ್ತಿನ ಒಟ್ಟು ಮೊತ್ತದಲ್ಲಿ ಆ ಮೂರು ರಾಸಾಯನಿಕಗಳ ಪಾಲು ತೀರಾ ಅಲ್ಪ. ಸರಕಿನ ಬೆಲೆಯೊಂದರಿಂದಲೇ ಅದರ ಮಹತ್ವವನ್ನು ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಇನ್ನು ಇಂದಿನ ಪಟ್ಟಿಗೆ ಬರೋಣ. 2023ರಲ್ಲಿ ಜಪಾನಿನ ಸರಕು ರಫ್ತು ಮೊದಲ ಬಾರಿಗೆ 100 ಲಕ್ಷ ಕೋಟಿ ಯೆನ್ ದಾಟಿತು, 2024ರಲ್ಲಿ ಸುಮಾರು 107 ಲಕ್ಷ ಕೋಟಿ ಆಯಿತು. ಅದರಲ್ಲಿ ಆರನೆಯ ಒಂದು ಭಾಗದಷ್ಟು ಮೋಟಾರು ವಾಹನಗಳು. ನಂತರದ ಸ್ಥಾನಗಳಲ್ಲಿ ಚಿಪ್ ಮತ್ತಿತರ ಎಲೆಕ್ಟ್ರಾನಿಕ್ ಬಿಡಿಭಾಗಗಳು, ಚಿಪ್ ತಯಾರಿಸುವ ಯಂತ್ರಗಳು, ಉಕ್ಕು, ವಾಹನಗಳ ಬಿಡಿಭಾಗಗಳು ಬರುತ್ತವೆ. ಗಿರಾಕಿಗಳಲ್ಲಿ ಅಮೆರಿಕದ್ದು ಸುಮಾರು ಐದನೆಯ ಒಂದು ಪಾಲು, ಚೀನಾದ್ದು ಅದಕ್ಕಿಂತ ಸ್ವಲ್ಪ ಕಡಿಮೆ; ಆಮೇಲೆ ದಕ್ಷಿಣ ಕೊರಿಯಾ, ತೈವಾನ್, ಹಾಂಗ್‌ಕಾಂಗ್, ಥಾಯ್ಲೆಂಡ್. ಈ ಹೆಸರುಗಳನ್ನು ಸರಕುಗಳ ಜೊತೆ ಹೊಂದಿಸಿ ನೋಡಿದರೆ ಒಳಗಿನ ವಿನ್ಯಾಸ ಕಾಣುತ್ತದೆ. ಅಮೆರಿಕಕ್ಕೆ ಹೋಗುವುದರಲ್ಲಿ ಮೂರನೆಯ ಒಂದು ಭಾಗ ಕಾರು ಮತ್ತು ಅದರ ಬಿಡಿಭಾಗ. ಅಲ್ಲಿ ಜಪಾನ್ ಇನ್ನೂ ಸಂಸಾರಗಳಿಗೆ ಮಾರುತ್ತಿದೆ. ಚೀನಾ, ತೈವಾನ್, ಕೊರಿಯಾಗಳಿಗೆ ಹೋಗುವುದು ಹೆಚ್ಚಾಗಿ ಕಾರ್ಖಾನೆಗಳಿಗೆ ಬೇಕಾದ ಸರಕು. ಬಂದರುಗಳಲ್ಲೂ ಇದೇ ಭೇದ ಕಾಣುತ್ತದೆ: ಟೊಯೊಟಾ ಪ್ರದೇಶದ ನಾಗೊಯಾ ಬಂದರಿನಿಂದ ಕಾರುಗಳು ಹಡಗೇರುತ್ತವೆ, ಬೆಲೆಬಾಳುವ ಹಗುರ ಯಂತ್ರಭಾಗಗಳು ನಾರಿತಾ ವಿಮಾನ ನಿಲ್ದಾಣದಿಂದ ಹಾರುತ್ತವೆ.

ಇಷ್ಟು ಮಾರಿದರೂ 2024ರಲ್ಲಿ ಜಪಾನಿಗೆ ಸುಮಾರು 5 ಲಕ್ಷ ಕೋಟಿ ಯೆನ್‌ನ ವ್ಯಾಪಾರ ಕೊರತೆಯಾಯಿತು. 2011ರ ಭೂಕಂಪ, ಸುನಾಮಿಗಳ ಬಳಿಕ ಅಣುಸ್ಥಾವರಗಳು ಒಂದೊಂದಾಗಿ ನಿಂತು ಅನಿಲದ ಆಮದು ಏರಿದಾಗಲೇ, 1980ರ ನಂತರ ಮೊದಲ ಬಾರಿಗೆ ವಾರ್ಷಿಕ ಕೊರತೆ ಕಾಣಿಸಿಕೊಂಡಿತ್ತು. ಪಠ್ಯಪುಸ್ತಕದ ಪ್ರಕಾರ ಯೆನ್ ಅಗ್ಗವಾದರೆ ರಫ್ತು ಹೆಚ್ಚಬೇಕು. 2024ರ ಜುಲೈನಲ್ಲಿ ಡಾಲರಿಗೆ 160 ದಾಟುವಷ್ಟು ಯೆನ್ ಕುಸಿದರೂ ರಫ್ತಿನ ಮೌಲ್ಯ ಏರಿತೇ ವಿನಾ ಪ್ರಮಾಣ ಹೇಳಿಕೊಳ್ಳುವಷ್ಟು ಏರಲಿಲ್ಲ. ಕಾರಣ, ಕಾರ್ಖಾನೆಗಳು ಆಗಲೇ ಹೊರಗೆ ಹೋಗಿವೆ. ಜಪಾನಿ ಕಂಪನಿಗಳು ತಮ್ಮ ದೇಶದಲ್ಲಿ ತಯಾರಿಸುವ ವಾಹನಗಳಿಗಿಂತ ಸುಮಾರು ಎರಡು ಪಟ್ಟು ವಾಹನಗಳನ್ನು ಹೊರದೇಶಗಳಲ್ಲಿ ತಯಾರಿಸುತ್ತವೆ. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯೂ ಆ ಲೆಕ್ಕದಲ್ಲಿ ಸೇರಿದೆ. ಹೊರಗಿನ ಹೂಡಿಕೆಯಿಂದ ಬರುವ ಲಾಭಾಂಶ ಮತ್ತು ಬಡ್ಡಿಯ ನಿವ್ವಳ ಆದಾಯ 2024ರಲ್ಲಿ ಸುಮಾರು 40 ಲಕ್ಷ ಕೋಟಿ ಯೆನ್ ಇತ್ತು. ಆದ್ದರಿಂದಲೇ ಸರಕಿನ ಕೊರತೆಯ ನಡುವೆಯೂ ಚಾಲ್ತಿ ಖಾತೆಯಲ್ಲಿ, ಅಂದರೆ ಸರಕು, ಸೇವೆ, ಹೂಡಿಕೆಯ ಆದಾಯಗಳನ್ನೆಲ್ಲ ಸೇರಿಸಿದ ಹೊರದೇಶಗಳೊಂದಿಗಿನ ಲೆಕ್ಕದಲ್ಲಿ, ದೊಡ್ಡ ಮಿಗುತೆ ಉಳಿಯಿತು. ಆದರೆ ಆ ಆದಾಯದ ದೊಡ್ಡ ಪಾಲು ಹೊರದೇಶಗಳಲ್ಲೇ ಮರುಹೂಡಿಕೆಯಾಗುವುದರಿಂದ ಜಪಾನಿನ ಕಾರ್ಮಿಕನ ಸಂಬಳಕ್ಕೆ ಅದು ಅಷ್ಟಾಗಿ ತಲುಪುವುದಿಲ್ಲ. ಇದು ನನಗೆ ಈ ವ್ಯವಸ್ಥೆಯ ಅತ್ಯಂತ ಕಳವಳಕಾರಿ ಮುಖವಾಗಿ ಕಾಣುತ್ತದೆ.

ಇನ್ನೊಂದು ದೌರ್ಬಲ್ಯ 2025ರಲ್ಲಿ ಹೊರಬಿತ್ತು. ಏಪ್ರಿಲ್‌ನಲ್ಲಿ ಅಮೆರಿಕ ಕಾರುಗಳ ಮೇಲೆ ನೂರಕ್ಕೆ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಜುಲೈನ ಒಪ್ಪಂದದಲ್ಲಿ ಒಟ್ಟು ಸುಂಕ 15ಕ್ಕೆ ಇಳಿಯಿತು, ಬದಲಿಗೆ ಜಪಾನ್ ಅಮೆರಿಕದಲ್ಲಿ 55,000 ಕೋಟಿ ಡಾಲರ್ ಹೂಡಿಕೆಯ ಮಾತು ಕೊಡಬೇಕಾಯಿತು. ಆ ನಡುವಿನ ತಿಂಗಳುಗಳಲ್ಲಿ ಜಪಾನಿನ ಕಂಪನಿಗಳು ಅಮೆರಿಕಕ್ಕೆ ಕಳಿಸುವ ಕಾರುಗಳ ರಫ್ತು ಬೆಲೆಯನ್ನು ತಾವೇ ಇಳಿಸಿಕೊಂಡು ಮಾರುಕಟ್ಟೆ ಉಳಿಸಿಕೊಂಡವು. ಕಾರಿಗೆ ಬದಲಿ ಸಿಗುತ್ತದೆ, ಫೋಟೊರೆಸಿಸ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಬೆಲೆಯನ್ನು ಯಾರು ಇಳಿಸಬೇಕಾಗುತ್ತದೆ ಎಂಬುದು ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಮೇಲಾಗಿ 2023ರಿಂದ ಅತಿ ಹೆಚ್ಚು ವಾಹನ ರಫ್ತು ಮಾಡುವ ದೇಶ ಚೀನಾ.

ಕೊನೆಯದಾಗಿ ಭಾರತದ ಸ್ಥಾನ. ಎರಡೂ ದೇಶಗಳ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2011ರ ಆಗಸ್ಟ್ 1ರಂದು ಜಾರಿಗೆ ಬಂತು. ಆದರೂ 2023-24ರಲ್ಲಿ ನಾವು ಜಪಾನಿನಿಂದ ಕೊಂಡದ್ದು 1,700 ಕೋಟಿ ಡಾಲರಿಗೂ ಹೆಚ್ಚು, ಮಾರಿದ್ದು ಸುಮಾರು 500 ಕೋಟಿ ಡಾಲರಿನಷ್ಟು. ಕೊಳ್ಳುವುದು ಯಂತ್ರ, ಎಲೆಕ್ಟ್ರಾನಿಕ್ ಭಾಗ, ಉಕ್ಕು, ತಾಮ್ರ; ಮಾರುವುದು ರಾಸಾಯನಿಕ, ಸಂಸ್ಕರಿತ ತೈಲ, ಸಿಗಡಿ, ವಾಹನ ಮತ್ತು ಅದರ ಭಾಗಗಳು. ಕೊರತೆಯ ಅಂಕಿಯನ್ನೇ ದೊಡ್ಡದು ಮಾಡಿ ಗಾಬರಿಪಡುವುದು ಸರಿಯಲ್ಲವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಕೊಂಡ ಯಂತ್ರ ಇಲ್ಲಿ ಹತ್ತಾರು ವರ್ಷ ದುಡಿಯುತ್ತದೆ. ಪಟ್ಟಿಯ ಇನ್ನೊಂದು ಬದಿಯಲ್ಲಿ ಈಗ ಹೊಸದೊಂದು ಸಾಲು ಬೆಳೆಯುತ್ತಿದೆ. ರಾಜಸ್ಥಾನದಲ್ಲಿ ತಯಾರಾದ ಹೋಂಡಾ ಡಬ್ಲ್ಯುಆರ್-ವಿ, ಗುಜರಾತಿನಲ್ಲಿ ತಯಾರಾದ ಸುಜುಕಿ ಫ್ರಾಂಕ್ಸ್ ಕಾರುಗಳು 2024ರಿಂದ ಜಪಾನಿನಲ್ಲೇ ಮಾರಾಟವಾಗುತ್ತಿವೆ. 2025ರ ಜನವರಿಯಲ್ಲಿ ಭಾರತದಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿಗೆ ಅಲ್ಲಿ ನಾಲ್ಕೇ ದಿನಗಳಲ್ಲಿ ಸುಮಾರು 50,000 ಮುಂಗಡ ಬೇಡಿಕೆ ಬಂದು, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಸುಂಕದ ಕಟ್ಟೆಯಲ್ಲಿ ಅದು ಭಾರತದ ರಫ್ತು, ಜಪಾನಿನ ಆಮದು ಎಂದು ದಾಖಲಾಗುತ್ತದೆ. ಕೂಲಿ ಇಲ್ಲಿನ ಕಾರ್ಮಿಕನಿಗೆ ಸಲ್ಲುತ್ತದೆ, ಲಾಭದ ದೊಡ್ಡ ಪಾಲು ಹಮಾಮಾತ್ಸುವಿನಲ್ಲಿರುವ ಸುಜುಕಿಯ ಲೆಕ್ಕಪುಸ್ತಕಕ್ಕೆ ಸೇರುತ್ತದೆ.